ಅರಕ್ಕೆ ಬಗ್ಗದ ಪಿನ್ನು

ಮೀನುದೋಣಿಯ ಚುಕ್ಕಾಣಿ ನೇತುನಿಂತು ತಿರುಗಲೆಂದು ಒಂದೇ ಸ್ಟೀಲ್ ಸರಳಿನಿಂದ ಎರಡು ಪಿನ್ನುಗಳನ್ನು ಕತ್ತರಿಸಿದ್ದರು. ಅಣ್ಣ ಪಿನ್ನು ಪ್ಲಾಸ್ಮಾ ಕುಲುಮೆಯ ಹದವಾದ ಕಾವಿನಲ್ಲಿ ಇಡೀ ದಿನ ಮಲಗಿ, ಗಡುಸಾಗಲೆಂದು ಮೈಗೆ ನೈಟ್ರೋಜನ್ ಹಿಡಿಸಿಕೊಂಡು ಬಂದ. ತಮ್ಮನ ಸರದಿ ಬಂದಾಗ ಅವನು, "ಅಷ್ಟು ಹೊತ್ತು ಕಾಯುವುದು ನನ್ನಿಂದಾಗದು. ಕಾವು ಏರಿಸು," ಎಂದ.

"ಏರಿಸಿದರೆ ಬೇಗ ಗಡುಸಾಗುತ್ತೀಯೆ," ಎಂದಿತು ಕುಲುಮೆ. "ಆದರೆ ನಿನ್ನನ್ನು ತುಕ್ಕಿನಿಂದ ಕಾಯುವ ಕ್ರೋಮಿಯಂ ಅನ್ನು ನೈಟ್ರೋಜನ್ ಕಟ್ಟಿಹಾಕುತ್ತದೆ. ಯೋಚಿಸು."

"ಅರ ಉಜ್ಜಿದರೆ ಗೀರು ಬೀಳಬಾರದು. ನನಗೆ ಅಷ್ಟೇ ಸಾಕು."

ಕುಲುಮೆ ಅವನು ಕೇಳಿದಷ್ಟು ಕಾವು ಕೊಟ್ಟಿತು. ನಾಲ್ಕೇ ತಾಸಿಗೆ ತಮ್ಮ ಹೊರಬಂದ. ಅರ ಉಜ್ಜಿ ಉಜ್ಜಿ ಸೋತು, "ನಿನಗೆ ಸಾಟಿಯಿಲ್ಲ," ಎಂದು ಒಪ್ಪಿಕೊಂಡಿತು.

ದೋಣಿ ಕಡಲಿಗಿಳಿದಾಗ ಉಪ್ಪುನೀರು ತಮ್ಮನ ಪಕ್ಕಕ್ಕೆ ಬಂದು ಕೂತಿತು.

"ಗೀರಿ ನೋಡು," ಎಂದ ತಮ್ಮ.

"ಗೀರುವುದು ನನ್ನ ಕೆಲಸವಲ್ಲ, ಮಗಾ," ಎಂದಿತು ನೀರು. "ನಾನು ನೆಕ್ಕುತ್ತೇನೆ."

ಎರಡು ವರ್ಷ ತುಂಬುವುದರೊಳಗೆ ತಮ್ಮ ಕೆಂಪು ಪುಡಿಯಾಗಿ ಉದುರಿಹೋದ. ತುಕ್ಕು ಹಿಡಿಯದ ಅಣ್ಣ ಇಬ್ಬರ ಭಾರವನ್ನೂ ಒಬ್ಬನೇ ಹೊತ್ತು ಬಿರುಗಾಳಿಯ ಮೂರು ದೊಡ್ಡ ಅಲೆಗಳನ್ನು ತಡೆದ. ನಾಲ್ಕನೆಯದಕ್ಕೆ ಮುರಿದ. ಚುಕ್ಕಾಣಿಯ ಜೊತೆ ತಳಕ್ಕಿಳಿಯುವಾಗಲೂ ಅವನ ಮೈ ಹೊಳೆಯುತ್ತಿತ್ತು.