ಉಪ್ಪಿನ ಮೂಲೆ

"ಗುರುಗಳೇ, ಹಳೆಯ ಕಸುಬು ಮನಸ್ಸಿನಿಂದ ಹೋಗಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಮಠ ಸೇರುವ ಮೊದಲು ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಎತ್ತು ಹತ್ತು ಹೆಜ್ಜೆ ಇಟ್ಟರೆ ಸಾಕು, ಮಾರುವವನು ಮುಚ್ಚಿಟ್ಟ ಕುಂಟು ಯಾವ ಕಾಲಿನದೆಂದು ಹೇಳಿಬಿಡುತ್ತಿದ್ದ. ಈಗ ಕಾವಿ ಉಟ್ಟು ಎರಡು ವರ್ಷವಾಗಿತ್ತು. ಆದರೂ ಭಕ್ತರು ಎದುರಿಗೆ ಬಂದರೆ ಇವನ ಕಣ್ಣು ಅವರ ಕಾಲಿಗೆ ಹೋಗುತ್ತಿತ್ತು. ಅವರು ನಕ್ಕರೆ ಹಲ್ಲಿಗೆ ಹೋಗುತ್ತಿತ್ತು. ಜಪ ಮಾಡಿದ. ಉಪವಾಸ ಮಾಡಿದ. ಅಂದು ಬೆಳಿಗ್ಗೆ ಮಠದ ಹಿರಿಯ ಸ್ವಾಮಿಗಳೊಬ್ಬರು ಮೆಟ್ಟಿಲು ಹತ್ತುವುದನ್ನು ನೋಡಿ, ಇವರನ್ನು ಎಷ್ಟಕ್ಕೆ ಕೊಟ್ಟರೂ ಕೊಳ್ಳಬಾರದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಹೆದರಿಕೆಯಾಗಿ ಗುರುವಿನ ಬಳಿಗೆ ಬಂದಿದ್ದ.

"ಇದು ಹೋಗದಿದ್ದರೆ ನಾನೇ ಮಠ ಬಿಟ್ಟು ಹೋಗುತ್ತೇನೆ."

"ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಂದು ಪೇಟೆಯ ಓಣಿಯಲ್ಲಿ ಒಂದು ದಿನಸಿ ಅಂಗಡಿಯಿತ್ತು. ಅಜ್ಜ, ಮಗ, ಮೊಮ್ಮಗ ಮೂವರೂ ಅಲ್ಲೇ ಕೂತು ಬೇಳೆ ಬೆಲ್ಲ ಮಾರಿದ್ದರು. ಮಿಕ್ಕ ಸಾಮಾನೆಲ್ಲ ಒಳಗೆ ಬೀಗದಲ್ಲಿರುತ್ತಿತ್ತು. ಉಪ್ಪಿನ ಮೂಟೆಗಳು ಮಾತ್ರ ಹೊರಗೆ, ಜಗುಲಿಯ ಮೂಲೆಯಲ್ಲಿ, ಗೋಡೆಗೆ ಒರಗಿಕೊಂಡಿರುತ್ತಿದ್ದವು. ಆ ಊರಿನಲ್ಲಿ ಕಳ್ಳರಿಗೆ ಕೊರತೆ ಇರಲಿಲ್ಲ. ಆದರೆ ಉಪ್ಪು ಕದಿಯುವಷ್ಟು ಕೆಟ್ಟವರು ಯಾರೂ ಇರಲಿಲ್ಲ.

ಮೊಮ್ಮಗನಿಗೆ ತಕ್ಕಡಿ ಹಿಡಿದು ಸಾಕಾಯಿತು. ಕಟ್ಟಡವನ್ನು ಒಬ್ಬ ಜವಳಿ ವ್ಯಾಪಾರಿಗೆ ಮಾರಿ ಹೊರಟುಹೋದ.

ಜವಳಿ ವ್ಯಾಪಾರಿ ಬೇರೆ ಊರಿನವನು. ಕಟ್ಟಡವನ್ನು ನೋಡಿದ ದಿನವೇ ಮೆಚ್ಚಿದ್ದ. ತೇಗದ ತೊಲೆ, ಎರಡು ಮೊಳ ದಪ್ಪದ ಗೋಡೆ, ಬೇಸಿಗೆಯಲ್ಲೂ ಒಳಗೆ ತಂಪು. ಜಗುಲಿ ಸುಮ್ಮನೆ ಬಯಲಾಗಿ ಬಿದ್ದಿರುವುದೊಂದೇ ಅವನಿಗೆ ಸರಿಕಾಣಲಿಲ್ಲ. ಅದಕ್ಕೆ ಹಲಗೆಯ ಮರೆ ಕಟ್ಟಿಸಿ, ಬಾಗಿಲಿಟ್ಟು, ಅಂಗಡಿಯೊಳಕ್ಕೆ ಸೇರಿಸಿಕೊಂಡ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಉಪ್ಪಿನ ಮೂಟೆಗಳಿದ್ದ ಆ ಮೂಲೆ. ಅಲ್ಲಿ ದೊಡ್ಡ ಬೀರು ನಿಲ್ಲಿಸಿ ಮದುವೆಯ ರೇಷ್ಮೆ ಸೀರೆಗಳನ್ನು ಒಟ್ಟಿದ. ಹೆಂಡತಿಯ ಒಡವೆಯೆಲ್ಲ ಆ ಸೀರೆಗಳಾಗಿತ್ತು. ಅವು ಹೋದರೆ ಅಂಗಡಿ ಹೋದಂತೆಯೇ.

ಮೊದಲ ಮಳೆಗಾಲಕ್ಕೆ ಬೀರುವಿನ ಬಾಗಿಲು ಉಬ್ಬಿ ಕಚ್ಚಿಕೊಂಡಿತು. ಎಳೆದು ತೆರೆದರೆ ಹಿಂದಿನ ಸಾಲಿನ ಸೀರೆಗಳ ಮಡಿಕೆಯಲ್ಲಿ ಬಿಳಿಯ ಗೆರೆ. ಹಿಂದಿನ ಗೋಡೆಯ ಗಾರೆ ಪದರಪದರವಾಗಿ ಎದ್ದು ಉದುರುತ್ತಿತ್ತು.

ಗಾರೆ ಕೆಲಸದವನು ಬಂದ. ಉದುರಿದ ಪುಡಿಯನ್ನು ನಾಲಿಗೆಗೆ ಹಚ್ಚಿ "ಉಪ್ಪು" ಎಂದ. ಗೋಡೆ ಕೆರೆದು ಹೊಸ ಗಾರೆ ಬಳಿದು "ಇನ್ನು ಈ ಜನ್ಮದಲ್ಲಿ ಬರುವುದಿಲ್ಲ ಬಿಡಿ" ಎಂದ. ಮರುವರ್ಷ ಬಂತು. ಮತ್ತೆ ಕೆರೆದ, ಮತ್ತೆ ಬಳಿದ, "ಇನ್ನು ಬರುವುದಿಲ್ಲ" ಎಂದ. ಈ ಸಲ ಜನ್ಮದ ಮಾತೆತ್ತಲಿಲ್ಲ. ವ್ಯಾಪಾರಿ ಡಾಂಬರು ಬಳಿಸಿದ. ಡಾಂಬರಿನ ಮೇಲೆ ಬಿಳಿ ಹೂವು ಅರಳಿತು. ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸಿದ. ಶಾಂತಿ ಆಗಿರುವ ವಿಷಯ ಉಪ್ಪಿಗೆ ತಿಳಿಯಲಿಲ್ಲ. ಗಾರೆಯವನು ಮಾತ್ರ ಆ ಗೋಡೆಯ ದುಡಿಮೆಯಲ್ಲಿ ಮಗಳ ಮದುವೆ ಮಾಡಿದ. ಸೀರೆಯನ್ನು ಬೇರೆ ಅಂಗಡಿಯಲ್ಲಿ ಕೊಂಡ.

ಇದರ ಮೇಲೆ ಓಣಿಯ ಜನರ ಕಾಟ ಬೇರೆ. ಬೆಳಿಗ್ಗೆ ಬಾಗಿಲು ತೆಗೆಯುವುದೇ ತಡ, ಹಪ್ಪಳ ಮಾಡಿ ಮಾರುವ ಮುದುಕಿಯೊಬ್ಬಳು ಒಳಗೆ ಬರುವಳು. ಬೀರುವಿನ ಸಂದಿಯಲ್ಲಿ ಕೈ ತೂರಿಸಿ, ಗೋಡೆ ಮುಟ್ಟಿ, ಅಂಗೈ ನೋಡಿಕೊಂಡು ಹೋಗುವಳು. ಅವಳ ಹಿಂದೆ ಕುಂಬಾರ. ಕುಂಬಾರನ ಹಿಂದೆ ಮಡಿವಾಳ. ಯಾರೂ ಒಂದು ಕರವಸ್ತ್ರವನ್ನೂ ಕೊಳ್ಳುವುದಿಲ್ಲ. ಆ ಮೂಲೆಯಲ್ಲಿ ಯಾವುದೋ ದೇವರಿದೆ ಎಂದು ವ್ಯಾಪಾರಿ ಮೊದಲು ತಿಳಿದ. ದೇವರಾದರೆ ಕೈಮುಗಿಯಬೇಕಿತ್ತು, ಇವರು ಬರೀ ತಡವಿ ಹೋಗುತ್ತಿದ್ದರು. ಒಂದು ದಿನ ಅವನು ಮುದುಕಿಯನ್ನು ಅಡ್ಡಗಟ್ಟಿದ.

"ಅಜ್ಜಿ, ಸೀರೆ ಬೇಕಿತ್ತಾ?"

"ಸೀರೆ ಇದೆ ಮಗ. ಗೋಡೆ ನೋಡೋಕೆ ಬಂದೆ."

"ಗೋಡೆ ಮಾರಾಟಕ್ಕಿಲ್ಲ."

"ಮಾರಿದರೂ ಯಾರು ಕೊಳ್ತಾರೆ ನಿನ್ನ ಬೆವರೋ ಗೋಡೆನ? ಆ ರೇಷ್ಮೆ ಒಂಚೂರು ಆಚೆ ಸರಿಸು, ಕೈ ಹೋಗ್ತಿಲ್ಲ."

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ವ್ಯಾಪಾರಿಗೆ ಅವಮಾನವಾಯಿತು. ಯಾಕೆ ನೋಡುತ್ತೀರಿ ಎಂದು ಕೇಳಲು ಮನಸ್ಸಾಗಲಿಲ್ಲ. ಅಂದೇ ಗಾರೆಯವನಿಗೆ ಹೇಳಿಕಳಿಸಿದ. ಗಾರೆಯವನು ತುಂಬಾ ಯೋಚಿಸಿದವನಂತೆ ನಿಂತು, ಗೋಡೆಯನ್ನೇ ಬಿಚ್ಚಿ ಹೊಸ ಕಲ್ಲಿನಲ್ಲಿ ಕಟ್ಟಬೇಕು ಎಂದ.

ವೈಶಾಖದ ಲಗ್ನಗಳಿಗೆ ಮೊದಲೇ ಕೆಲಸ ಮುಗಿಯಬೇಕಿತ್ತು. ಗೋಡೆ ಬಿಚ್ಚುವ ದಿನ ಬಟ್ಟೆಗೆ ಧೂಳು ಹತ್ತಬಾರದೆಂದು ವ್ಯಾಪಾರಿ ಅಂಗಡಿಯನ್ನು ಪೂರ್ತಿ ಬರಿದು ಮಾಡಿಸಿದ. ರೇಷ್ಮೆ, ನೂಲು, ಎಲ್ಲ ಓಣಿಯಲ್ಲಿ ಚಾಪೆಗಳ ಮೇಲೆ ಬಂದು ಕೂತವು. ಆಕಾಶದಲ್ಲಿ ತುಂಡು ಮೋಡವಿರಲಿಲ್ಲ. ಗಾರೆಯವನು ಹಾರೆ ಹಿಡಿದು ನಿಂತ.

ಮುದುಕಿ ಎಂದಿನಂತೆ ಬಂದಳು. ಬೀರು ಇಲ್ಲದ್ದರಿಂದ ಕೈ ಸಲೀಸಾಗಿ ಹೋಯಿತು. ಅಂಗೈ ಒದ್ದೆಯಾಗಿ ಹೊಳೆಯಿತು.

"ಬಟ್ಟೆ ಒಳಗೆ ಹಾಕು ಮಗ. ಮಳೆ ಬರುತ್ತೆ."

"ಈ ಬಿಸಿಲಲ್ಲಾ?"

"ಇಷ್ಟು ವರ್ಷವಾಯ್ತು, ನಿನಗೆ ಗೊತ್ತಿಲ್ವಾ? ಇದು ಹೀಗೆ ಬೆವರಿದರೆ ಸಂಜೆಯೊಳಗೆ ಮಳೆ. ದಿನಸಿಯವರಿದ್ದಾಗ ಬೀದಿಯಿಂದಲೇ ಮುಟ್ಟಿ ಹೋಗ್ತಿದ್ವಿ. ನೀನು ಬಾಗಿಲಿಟ್ಟೆ, ನಾವು ಒಳಗೆ ಬಂದ್ವಿ. ಇಲ್ಲದಿದ್ದರೆ ಏನು, ದಿನಾ ನಿನ್ನ ಮುಖ ನೋಡೋಕೆ ಬರ್ತಿದ್ವಾ?"

ಅವಳು ಹಪ್ಪಳ ಎತ್ತಿಡಲು ಹೋದಳು. ವ್ಯಾಪಾರಿ ಆಕಾಶ ನೋಡಿ ನಕ್ಕ. ಕುಂಬಾರ ಬಂದು ಗೋಡೆ ಮುಟ್ಟಿದ. ತನ್ನ ಹಸಿ ಮಡಕೆಗಳ ಕಡೆ ಓಡಿದ. ಮಡಿವಾಳನೂ ಮುಟ್ಟಿ ಅವನ ಹಿಂದೆಯೇ ಓಡಿದ. ವ್ಯಾಪಾರಿಯ ನಗು ನಿಂತಿತು. ತನ್ನನ್ನು ಏಮಾರಿಸುವುದಕ್ಕಾಗಿ ಒಬ್ಬ ಕುಂಬಾರ ಅಷ್ಟು ಜೋರಾಗಿ ಓಡಲಾರ ಎಂದು ಅವನಿಗೆ ಅನ್ನಿಸಿತು. ಹಾರೆ ಕೆಳಗಿಡು ಎಂದು ಗಾರೆಯವನಿಗೆ ಹೇಳಿ, ಬಟ್ಟೆಯ ಗಂಟುಗಳನ್ನು ತಾನೇ ಹೊತ್ತು ಒಳಗೆ ಹಾಕತೊಡಗಿದ.

ಕೊನೆಯ ಗಂಟು ಒಳಗೆ ಬಂದ ಮೇಲೆ ಬಹಳ ಹೊತ್ತು ಬಿಸಿಲು ಹಾಗೇ ಇತ್ತು. ಬಹಳ ಹೊತ್ತು ಅವನು ಮೂರ್ಖನಂತೆ ಗಂಟುಗಳ ಮೇಲೆ ಕೂತಿದ್ದ. ಆಮೇಲೆ ಗಾಳಿ ಎದ್ದಿತು. ಮೋಡ ಎಲ್ಲಿಂದ ಬಂತೆಂದು ತಿಳಿಯುವ ಮೊದಲೇ ಆಲಿಕಲ್ಲು ಬಿದ್ದಿತು. ಓಣಿಯ ಚಾಪೆಗಳು ನೀರಿನಲ್ಲಿ ತೇಲಿ ಹೋದವು.

ಮಳೆ ನಿಂತ ಮೇಲೆ ಗಾರೆಯವನಿಗೆ ಹೊಸ ಕೆಲಸ ಸಿಕ್ಕಿತು. ಜಗುಲಿಯ ಹಲಗೆಯ ಮರೆ ಕಿತ್ತು ಹಾಕಿದ. ಜಗುಲಿ ಮೊದಲಿನಂತೆ ಬಯಲಾಯಿತು. ಸೀರೆಗಳು ಒಳಗಿನ ಗೋಡೆಗೆ ಹೋದವು. ಅಲ್ಲಿ ಒಂದೂ ಕೆಡಲಿಲ್ಲ. ಗೋಡೆ ಮುಟ್ಟಲು ಬಂದವರು ಇನ್ನು ಒಳಗೆ ಬರಬೇಕಾಗಿರಲಿಲ್ಲ. ಆದರೂ ಬಂದರು, ಕೂತರು, ಸೀರೆಯನ್ನೂ ಕೇಳಿದರು.

ಅವನು ಕಾಲವಾದ ಮೇಲೆ ಆ ಕಟ್ಟಡ ಶಾಲೆಯಾಯಿತು. ಗೋಡೆ ಬೆವರಿದ ದಿನ ಮೇಷ್ಟ್ರು ದೂರದ ಮಕ್ಕಳನ್ನು ಬೇಗ ಮನೆಗೆ ಕಳಿಸುತ್ತಿದ್ದರು. ಮಕ್ಕಳು ಗೋಡೆಗೆ ನೀರು ಹಚ್ಚುವುದನ್ನು ಕಲಿತರು. ಮೇಷ್ಟ್ರು ನೆಕ್ಕಿ ನೋಡುವುದನ್ನು ಕಲಿತರು. ಶಾಲೆ ಬೇರೆ ಕಡೆ ಹೋದ ಮೇಲೆ ಒಬ್ಬ ದರ್ಜಿ ಬಂದ. ಈಗ ಗಡಿಯಾರ ರಿಪೇರಿಯವನಿದ್ದಾನೆ. ಆ ಕಟ್ಟಡ ಯಾರಿಗೂ ಇಲ್ಲ ಎಂದಿಲ್ಲ. ಬಂದವರೆಲ್ಲ ಮೊದಲ ವರ್ಷ ಗೋಡೆ ಕೆರೆಸುತ್ತಾರೆ. ಆಮೇಲೆ ಬೆಳಿಗ್ಗೆ ಎದ್ದು ಅದರ ಮೇಲೆ ಅಂಗೈ ಇಡುತ್ತಾರೆ.

ಗುರುಗಳು ಕತೆ ಮುಗಿಸಿದರು. ಕತೆಯಲ್ಲಿ ತನಗೆ ಬೇಕಾದುದು ಇನ್ನೂ ಬಂದಿಲ್ಲ ಎಂದು ಶಿಷ್ಯನಿಗೆ ಅನ್ನಿಸಿತು.

"ಹಾಗಾದರೆ ಉಪ್ಪು ಕೊನೆಗೂ ಹೋಗಲಿಲ್ಲವೇ ಗುರುಗಳೇ?"

"ನಾಳೆಯಿಂದ ನೀನು ಮಠದ ಬಾಗಿಲಲ್ಲಿ ನಿಲ್ಲು, ನೋವನ್ನು ಮುಚ್ಚಿಕೊಂಡು ಒಳಗೆ ಬರುವವರು ಯಾರೆಂದು ನನಗೆ ಬಂದು ಹೇಳು."