ಮೆಣಸಿನ ತಟ್ಟೆಯಲ್ಲಿ ಕೂತ ಪಪ್ಪಾಯ ಬೀಜ

ಔಷಧಿ ಪರೀಕ್ಷಿಸುವ ಆ ಲ್ಯಾಬ್ ಕಟ್ಟಿಸಿದವನೇ ನಾನು. ಸುಳ್ಳು ಬಿಡಿ, ಕಿಟಕಿಯಲ್ಲಿ ಒಮ್ಮೆ ಇಣುಕಿದ್ದೇನೆ, ಅಷ್ಟೇ. ಒಳಗೆ ಪರೀಕ್ಷೆಗೆಂದು ತಂದ ಕಾಳುಮೆಣಸು ತಟ್ಟೆಯಲ್ಲಿ ಒಣಗುತ್ತಿತ್ತು. ಅದರ ನಡುವೆ ಒಂದು ಪಪ್ಪಾಯ ಬೀಜ ಮೈ ಸುಕ್ಕುಗಟ್ಟಿಸಿಕೊಂಡು, ತಾನೂ ಮೆಣಸೇ ಎಂಬಂತೆ ಕೂತಿತ್ತು. ಪುಡಿ ಮಾಡುವ ಮೊದಲು ಭೂತಗನ್ನಡಿ ಬಂದು ಒಂದೊಂದನ್ನೂ ವಿಚಾರಿಸಿ, ಮೆಣಸಲ್ಲದ್ದನ್ನು ಕಿಟಕಿಯಾಚೆ ಎಸೆಯುವುದು ಅಲ್ಲಿಯ ಪದ್ಧತಿ.

“ನಿಜ ಹೇಳಿಬಿಡೋ ತಮ್ಮಾ,” ಎಂದಿತು ಪಕ್ಕದ ಮುದಿ ಮೆಣಸು. “ಆಚೆ ಹಸಿಮಣ್ಣಿದೆ, ನೀನು ಮೊಳೆತು ಮರವಾಗಬಹುದು. ನಮಗೆ ಮುಂದಿರುವುದು ಗಿರಣಿ.”

“ನಿನಗೆ ಹೊಟ್ಟೆಕಿಚ್ಚು ಅಜ್ಜಾ! ಇಂಥ ದೊಡ್ಡವರ ಸಾಲು ಬಿಟ್ಟು ನಾನು ಮಣ್ಣಿಗೆ ಬೀಳಲೇ?”

ಅಷ್ಟರಲ್ಲಿ ಭೂತಗನ್ನಡಿಯ ದೊಡ್ಡ ಕಣ್ಣು ಬೀಜದ ಮೇಲೆ ಬಾಗಿತು.

“ನೀನು ಯಾರು?”

“ಮೆಣಸು, ಸ್ವಾಮಿ. ಅಪ್ಪಟ ಮೆಣಸು.”

“ಯೋಚಿಸಿ ಹೇಳು. ಎರಡನೇ ಸಲ ಕೇಳುವುದಿಲ್ಲ.”

“ಮೆಣಸೇ, ಸ್ವಾಮಿ.”

ಎಲ್ಲರನ್ನೂ ಗಿರಣಿಗೆ ಸುರಿದರು. ಮುಚ್ಚಳ ಬಿತ್ತು. ಚಕ್ರ ತಿರುಗತೊಡಗಿದಾಗ ಒಳಗಿನಿಂದ ಒಂದು ಕೂಗು ಕೇಳಿತು: “ನಿಲ್ಲಿಸಿ! ನಾನು ಪಪ್ಪಾಯ!”

ಚಕ್ರ ನಿಂತ ಮೇಲೆ ಮುಚ್ಚಳ ತೆಗೆದರು. ನುಣ್ಣನೆಯ ಪುಡಿ ಒಂದೇ ಬಣ್ಣದಲ್ಲಿ ತಣ್ಣಗೆ ಕೂತಿತ್ತು. ಭೂತಗನ್ನಡಿ ಬಾಗಿ ಕೇಳಿತು: “ಪಪ್ಪಾಯ ಎಂದು ಕೂಗಿದವರು ಯಾರು?”

ಪುಡಿಯೆಲ್ಲ ಒಂದೇ ದನಿಯಲ್ಲಿ ಹೇಳಿತು: “ಇಲ್ಲಿ ಅಂಥವರು ಯಾರೂ ಇಲ್ಲ, ಸ್ವಾಮಿ. ಇರುವುದೆಲ್ಲ ಮೆಣಸೇ.”

ಆ ದನಿ ನೆನೆದರೆ ಈಗಲೂ ನನ್ನ ಕೈ ನಡುಗುತ್ತದೆ. ಜೇಬಿಗೆ ಹೋಗುವುದೇ ಇಲ್ಲ ನೋಡಿ. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.