ತಬಿಥಮ್ಮನವರ ಪಾಲಿನ ರೊಟ್ಟಿ

ಪೂಜ್ಯ ತಬಿಥಮ್ಮನವರು ವಾಸವಾಗಿದ್ದುದು ನೂಲಿಹಾಳದ ನೇಕಾರರ ಓಣಿಯ ಕೊನೆಯಲ್ಲಿ, ಒಂದೇ ಕೋಣೆಯ ಮಣ್ಣಿನ ಮನೆಯಲ್ಲಿ. ಕೋಣೆಯ ಅರ್ಧವನ್ನು ಮಗ್ಗವೇ ನುಂಗಿತ್ತು. ಉಳಿದರ್ಧದಲ್ಲಿ ಒಂದು ಒಲೆ, ಒಂದು ಚಾಪೆ, ಗೋಡೆಯ ಗೂಡಿನಲ್ಲಿ ಸತ್ಯವೇದ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡ ಆ ತಾಯಿ ಐವತ್ತು ವರ್ಷ ಸೀರೆ ನೇಯ್ದು ಹೊಟ್ಟೆ ಹೊರೆದರು. ಓಣಿಯಲ್ಲಿ ಹೆರಿಗೆಯಾಗಲಿ, ಸಾವಾಗಲಿ, ಜನ ಮೊದಲು ಬಡಿಯುತ್ತಿದ್ದುದು ಅವರ ಬಾಗಿಲನ್ನು. ಅವರು ಪವಾಡ ಮಾಡಿದರೆಂದು ಇಂದಿಗೂ ಯಾರೂ ಹೇಳುವುದಿಲ್ಲ. ಅವರು ಮಾಡಿದ್ದು ರೊಟ್ಟಿ. ತಿಂಗಳ ಮೊದಲ ಭಾನುವಾರ ಪ್ರಭುಭೋಜನದಲ್ಲಿ ಸಭೆಯವರು ಸ್ವೀಕರಿಸುವ ಹುಳಿಯಿಲ್ಲದ ರೊಟ್ಟಿಯನ್ನು ಮೂವತ್ತೊಂದು ವರ್ಷ ಆ ಒಲೆಯ ಮೇಲೆ ಅವರೇ ಸುಟ್ಟರು.

ಆ ಕೆಲಸದಲ್ಲಿ ಅವರು ಬಲು ಕಟ್ಟುನಿಟ್ಟು. ಗೋಧಿ ಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಎಣ್ಣೆಯಿಲ್ಲ. ನಾದಿದ ಹಿಟ್ಟನ್ನು ಬಿಟ್ಟು ಎದ್ದರೆ ನಮ್ಮ ಕಡೆಯ ಬಿಸಿಲಿಗೆ ಹುಳಿ ಹಿಡಿಯುತ್ತದೆಂದು, ನಾದಿದ ಕೈಯಲ್ಲೇ ಲಟ್ಟಿಸಿಬಿಡುತ್ತಿದ್ದರು. ಹಂಚಿನ ಮೇಲೆ ಉಬ್ಬದಿರಲೆಂದು ದಬ್ಬಣದಿಂದ ಚುಚ್ಚುತ್ತಿದ್ದರು. ಆಮೇಲೆ ಚಾಕುವಿನ ಬೆನ್ನಿನಿಂದ ಗೆರೆ ಎಳೆದು, ಎಷ್ಟು ಜನ ಹೆಸರು ಕೊಟ್ಟಿರುವರೋ ಅಷ್ಟು ಚೌಕ ಮಾಡುತ್ತಿದ್ದರು.

ಹೆಸರು ಕೊಡುವುದೆಂದರೆ ಇಷ್ಟೇ. ಭೋಜನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಸಿದ್ಧತೆಯ ಕೂಟ ನಡೆಯುತ್ತಿತ್ತು. ಪಟ್ಟಣದಿಂದ ಸೈಕಲ್ ತುಳಿದು ಬರುತ್ತಿದ್ದ ಪಾದ್ರಿಗಳು, "ನಿಮ್ಮಲ್ಲಿ ಯಾರ ಮನಸ್ಸಿನಲ್ಲಾದರೂ ಯಾರ ಮೇಲಾದರೂ ಏನಾದರೂ ಇದೆಯೋ?" ಎಂದು ಕೇಳುತ್ತಿದ್ದರು. ಎಲ್ಲರೂ ಸುಮ್ಮನಿರುತ್ತಿದ್ದರು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಸಿಕೊಂಡು ಬದುಕುವ ನಲವತ್ತು ಜನರಿಗೆ ಒಬ್ಬರ ಮೇಲೊಬ್ಬರಿಗೆ ಏನೂ ಇಲ್ಲವಂತೆ! ನೂಲಿಹಾಳದಲ್ಲಿ ಪವಾಡವೆಂಬುದು ನಡೆದಿದ್ದರೆ ಅದೇ ಇರಬೇಕು. ಆ ಮೌನವಾದ ಮೇಲೆ ಹಿರಿಯರಾದ ಜಕರೀಯಪ್ಪನವರು ಪುಸ್ತಕ ತೆಗೆದು ಹೆಸರು ಬರೆಯುತ್ತಿದ್ದರು. ಮರುದಿನ ಪಾದ್ರಿಗಳು ರೊಟ್ಟಿಯ ಬಲ ಅಂಚಿನ ಮೊದಲ ಚೌಕವನ್ನು ಮುರಿದು ಕೊಡುತ್ತಿದ್ದುದು ಈ ಜಕರೀಯಪ್ಪನವರಿಗೆ. ಮೊದಲು ಮೊಣಕಾಲೂರುವ ಹಕ್ಕು ಅವರದು.

ತಬಿಥಮ್ಮನವರ ಪಕ್ಕದ ಮನೆಯೇ ರಾಹೇಲವ್ವನದು. ಗಂಡನಿಲ್ಲದ ಹೆಣ್ಣು. ಇದ್ದವಳು ಒಬ್ಬಳೇ ಮಗಳು, ಕೃಪಾವತಿ. ಆ ಹುಡುಗಿ ನೂಲು ಮಾರಲು ಬರುತ್ತಿದ್ದ ಬೇರೆ ಮತದ ಯುವಕನೊಬ್ಬನ ಜೊತೆ ಹೋಗಿ, ಅವನ ಮನೆದೇವರ ಮುಂದೆ ತಾಳಿ ಕಟ್ಟಿಸಿಕೊಂಡಳು. ಎರಡು ವರ್ಷಕ್ಕೆ ಅವನು ಕೈಬಿಟ್ಟ. ಅವಳು ಎದೆಯಲ್ಲಿ ಕ್ಷಯ ಹೊತ್ತುಕೊಂಡು ತಾಯಿಯ ಮನೆಗೆ ಬಂದಳು. ಸಭೆಯ ನಿಯಮದಂತೆ ಜಕರೀಯಪ್ಪನವರು ಆರು ತಿಂಗಳಿಗೆ ಅವಳ ಹೆಸರು ತೆಗೆದರು. ಅಷ್ಟು ಕಾಲ ಹಿಂದಿನ ಬೆಂಚು, ರೊಟ್ಟಿಯಿಲ್ಲ. ನಾಲ್ಕನೆಯ ತಿಂಗಳಿಗೆ ಅವಳಿಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಒಂದು ಶನಿವಾರ ಸಂಜೆ ತಾಯಿಯ ಕೈ ಹಿಡಿದು, "ಯವ್ವಾ, ನಾಳಿನ ರೊಟ್ಟಿ ನನಗ ಒಂದು ಚೂರು ಕೊಡಸ್ತಿ?" ಎಂದು ಕೇಳಿದಳು.

ರಾಹೇಲವ್ವ ಜಕರೀಯಪ್ಪನವರ ಮನೆಗೆ ಓಡಿದಳು. ಪಾದ್ರಿಗಳೂ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು.

"ನೇಮ ಅಂದ್ರ ನೇಮ ರಾಹೇಲವ್ವ. ನನ್ನ ಮಗಳಿದ್ರೂ ಇದನ್ನ ಹೇಳ್ತಿದ್ದೆ," ಎಂದರು ಜಕರೀಯಪ್ಪನವರು. "ಇನ್ನ ಎರಡು ತಿಂಗಳು ಐತಿ. ಆಮ್ಯಾಲ ನೋಡೂಣು."

"ಎರಡು ತಿಂಗಳು ಆಕಿ ಉಳಿಯೂದಿಲ್ರೀ ಅಣ್ಣಾರ."

"ಅದು ದೇವರ ಕೈಯಾಗಿನ ಮಾತು."

ಪಾದ್ರಿಗಳು ಇನ್ನೂ ಮೀಸೆ ಸರಿಯಾಗಿ ಬಾರದ ತರುಣರು. ಬಾಯಿ ತೆರೆದರು, ಹಿರಿಯರ ಮುಖ ನೋಡಿದರು, ಮುಚ್ಚಿದರು. ಬುಧವಾರ ಕೃಪಾವತಿ ತೀರಿಕೊಂಡಳು. ಹೆಸರು ತೆಗೆದವಳ ಮಣ್ಣಿಗೆ ಹೋಗುವುದು ತಮ್ಮ ಸ್ಥಾನಕ್ಕೆ ಸಲ್ಲದೆಂದು ಜಕರೀಯಪ್ಪನವರು ಮನೆಯಿಂದ ಹೊರಗೆ ಬರಲಿಲ್ಲ. ಮುಂದಿನ ತಿಂಗಳ ಕೂಟದಲ್ಲಿ ಪಾದ್ರಿಗಳು ಎಂದಿನ ಪ್ರಶ್ನೆ ಕೇಳಿದಾಗ ಎಲ್ಲರೂ ಎಂದಿನಂತೆ ಸುಮ್ಮನಿದ್ದರು. ರಾಹೇಲವ್ವನೂ ಸುಮ್ಮನಿದ್ದಳು. ಅವಳ ಒಳಗೆ ಏನು ಕುದಿಯುತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು.

ವರ್ಷ ಕಳೆಯಿತು. ತಬಿಥಮ್ಮನವರ ಬೆರಳುಗಳು ವಾತದಿಂದ ಸೊಟ್ಟಗಾಗಿ ಹಿಟ್ಟು ನಾದಲು ಬಾರದಾದವು. ಒಂದು ದಿನ ಅವರು ರಾಹೇಲವ್ವನನ್ನು ಕರೆದು, "ನನ್ನ ಕೈ ಹೋದುವವ್ವ. ಇನ್ನ ಮ್ಯಾಲ ರೊಟ್ಟಿ ನೀನ ಮಾಡು," ಎಂದರು.

ಮಗಳಿಗೆ ಸಿಗದ ರೊಟ್ಟಿಯನ್ನು ತಾಯಿ ಊರಿಗೆಲ್ಲ ಸುಟ್ಟುಕೊಡಬೇಕಂತೆ! ರಾಹೇಲವ್ವನಿಗೆ ಮೈಯೆಲ್ಲ ಉರಿದುಹೋಯಿತು. ಒಲ್ಲೆನೆನ್ನಲು ಬಾಯಿ ತೆರೆದವಳು ಅರ್ಧದಲ್ಲೇ ತಡೆದಳು. ಜಕರೀಯಪ್ಪನವರ ಬಾಯಿಗೆ ಹೋಗುವುದು ಇನ್ನು ತನ್ನ ಕೈಯಿಂದಲೇ ಹೋಗುತ್ತದೆ ಎಂಬುದು ಆಗ ಅವಳಿಗೆ ಹೊಳೆಯಿತು. "ಆತು, ಮಾಡ್ತೀನಿ ಆಯಿ," ಎಂದಳು.

ಶನಿವಾರ ಕೂಟ ಮುಗಿದ ಮೇಲೆ ಹಿಟ್ಟು ಜರಡಿ ಹಿಡಿಯುವ ಮೊದಲು ಅವಳು ಹಿತ್ತಲಿಗೆ ಹೋದಳು. ತಿಪ್ಪೆಯ ಬದಿಗೆ ಬೆಳೆದಿದ್ದ ದತ್ತೂರಿ ಗಿಡದ ಮುಂದೆ ಬಹಳ ಹೊತ್ತು ನಿಂತಳು. ಮುಳ್ಳುಕಾಯಿಗಳು ಒಡೆದು ವಿಷದ ಬೀಜ ಕಾಣುತ್ತಿತ್ತು. ಕೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು, ಮತ್ತೆ ಚಾಚಿದಳು. ಕೊನೆಗೆ ಅಲ್ಲಿಂದ ಸರಿದು ಬೇವಿನ ಮರದ ಕೆಳಗೆ ಹೋಗಿ ಒಂದು ಹಿಡಿ ಎಲೆ ಕಿತ್ತಳು. ಅರೆದು ಹಿಂಡಿ, ಆ ರಸವನ್ನು ಬಲ ಅಂಚಿನ ಮೊದಲ ಚೌಕಕ್ಕೆ ಮೂರು ಸಲ ಹಚ್ಚಿ ಸುಟ್ಟಳು. ಇಡೀ ಸಭೆಯ ಎದುರಿಗೆ, ಪೀಠದ ಮುಂದೆ ಮೊಣಕಾಲೂರಿದ ಆ ಮನುಷ್ಯನ ಮೋರೆ ಕಿವುಚಿಹೋಗಬೇಕು. ಉಗುಳಲಾರದೆ, ನುಂಗಲಾರದೆ ಒದ್ದಾಡಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಭಾನುವಾರ ಬೆಳಿಗ್ಗೆ ರೊಟ್ಟಿಯ ತಟ್ಟೆಯನ್ನು ಬಿಳಿ ಬಟ್ಟೆ ಮುಚ್ಚಿ ತಂದು ತಬಿಥಮ್ಮನವರ ಮುಂದಿಟ್ಟಳು. ಅದನ್ನು ದೇವಾಲಯಕ್ಕೆ ಒಯ್ಯುವ ಕೆಲಸ ಇನ್ನೂ ಅವರದೇ ಆಗಿತ್ತು. ಅವರು ಬಟ್ಟೆ ಎತ್ತಿ ನೋಡಿದರು. ಎಲ್ಲ ಚೌಕವೂ ಗೋಧಿಯ ಬಣ್ಣಕ್ಕಿದ್ದರೆ ಅಂಚಿನದೊಂದು ಕಪ್ಪುಹಸಿರಾಗಿತ್ತು. ಆ ತುಂಡು ಯಾರದೆಂದು ಮೂವತ್ತೊಂದು ವರ್ಷ ರೊಟ್ಟಿ ಸುಟ್ಟವರಿಗೆ ಹೇಳಿಕೊಡಬೇಕೆ? ಅವರು ತಲೆಯೆತ್ತಿ ರಾಹೇಲವ್ವನ ಮುಖವನ್ನು ನೋಡಿದರು. ಸೊಟ್ಟ ಬೆರಳುಗಳಿಂದ ಆ ತುಂಡನ್ನು ಮುರಿದು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ಪೂರ್ತಿ ನುಂಗಿದರು.

ರಾಹೇಲವ್ವ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಆಯೀ, ಅದು ಬೇವು ಅಂತ ನಿಮಗ ಗೊತ್ತಿತ್ತೇನು?"

"ಗೊತ್ತಿರಲಿಲ್ಲವ್ವ," ಎಂದರು ತಬಿಥಮ್ಮನವರು.

ಹಿತ್ತಲಿನ ದತ್ತೂರಿ ಗಿಡ ರಾಹೇಲವ್ವನ ಕಣ್ಣ ಮುಂದೆ ಬಂತು. ತಾನು ಎರಡು ಸಲ ಕೈ ಚಾಚಿದ್ದು ನೆನಪಾಯಿತು. ಆ ವೃದ್ಧೆಯ ಕಾಲು ಹಿಡಿದುಕೊಂಡು, "ಬಿಸಾಡಬೇಕಿಲ್ಲೇನ್ರಿ ಅದನ್ನ? ಯಾಕ ತಿಂದ್ರಿ?" ಎಂದು ಹಲುಬಿದಳು.

"ಕೃಪಾವತಿ ರೊಟ್ಟಿ ಬೇಡಿದ ಶನಿವಾರ ಅದು ನನ್ನ ಮನಿಯಾಗ ಇತ್ತು. ನೀ ಅಳ್ಕೋತ ಬಂದಿದ್ದು ನನಗ ಗ್ವಾಡಿ ಆಚೆ ಕೇಳಿಸ್ತು. ಪಾದ್ರಿಯವರ ಕೈಯಾಗ ಕೊಟ್ಟು, ನಡೀರಿ ಆ ಹುಡುಗಿ ಕಡೆ, ಅನಬೇಕಿತ್ತು. ಅನಲಿಲ್ಲ. ಕೂಟದಾಗೂ ಬಾಯಿ ಬಿಡಲಿಲ್ಲ. ಇದು ನನ್ನ ಪಾಲು."

ಅಷ್ಟು ಹೇಳಿ ತಟ್ಟೆಗೆ ಬಟ್ಟೆ ಮುಚ್ಚಿ, ಕೋಲೂರಿಕೊಂಡು ದೇವಾಲಯಕ್ಕೆ ನಡೆದರು. ಅಂದು ಅವರು ಮೊಣಕಾಲೂರಲು ಹೋಗಲಿಲ್ಲವಾದ್ದರಿಂದ ತುಂಡು ಯಾರಿಗೂ ಕಡಿಮೆ ಬೀಳಲಿಲ್ಲ.

ಮುಂದಿನ ತಿಂಗಳ ಕೂಟದಲ್ಲಿ ಪಾದ್ರಿಗಳು ಪ್ರಶ್ನೆ ಕೇಳಿ, ಎಂದಿನ ಮೌನ ಮುಗಿಯಲೆಂದು ಕಾಯುತ್ತಿದ್ದರು. ರಾಹೇಲವ್ವ ಎದ್ದು ನಿಂತಳು.

"ನನ್ನ ಮನಸಿನಾಗ ಐತ್ರಿ. ನನ್ನ ಮಗಳು ಸಾಯೂ ಹೊತ್ತಿನ್ಯಾಗ ರೊಟ್ಟಿ ಬೇಡಿದಳು. ಜಕರೀಯಣ್ಣಾರು ಕೊಡಸಲಿಲ್ಲ. ಅದಕ್ಕ ಅವರ ತುಂಡಿಗೆ ನಾ ಬೇವಿನ ರಸ ಹಚ್ಚಿದ್ದೆ. ಅವರ ಬಾಯಿಗೆ ಅದು ಮುಟ್ಟಲಿಲ್ಲ. ಆದ್ರ ಹಚ್ಚಿದ್ದು ನಾನ."

ಮೊದಲ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಎರಡನೆಯದು ಎಲ್ಲರ ಕಿವಿಗೂ ಬಿತ್ತು. ದೇವರ ರೊಟ್ಟಿಗೆ ಬೇವು! ಗುಜುಗುಜು ಎದ್ದಿತು. ಜಕರೀಯಪ್ಪನವರು ಪುಸ್ತಕ ಬಿಡಿಸಿ, "ಆರು ತಿಂಗಳು," ಎಂದು ರಾಹೇಲವ್ವನ ಹೆಸರು ತೆಗೆದರು.

"ನನ್ನದೂ ತಗೀರಿ," ಎಂದು ಹೆಂಗಸರ ಸಾಲಿನಿಂದ ತಬಿಥಮ್ಮನವರು ಎದ್ದರು. "ಗೊತ್ತಿದ್ದೂ ಮುಚ್ಚಿಟ್ಟೀನಿ."

ಬೇಡವೆಂದು ಪಾದ್ರಿಗಳು ಕೈಮುಗಿದರು. ಆದರೆ ಎಲ್ಲರಿಗೂ ನೇಮ ಒಂದೇ ಎಂದು ಅಷ್ಟು ವರ್ಷ ಸಾರಿದ್ದ ಜಕರೀಯಪ್ಪನವರಿಗೆ ಬೇರೆ ದಾರಿಯಿರಲಿಲ್ಲ. ಬರೆದರು. ಎಪ್ಪತ್ತೆಂಟರ ಆ ತಾಯಿ ಅಂದಿನಿಂದ ರಾಹೇಲವ್ವನ ಪಕ್ಕದಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತರು. ರೊಟ್ಟಿಯ ಕೆಲಸ ಜಕರೀಯಪ್ಪನವರ ಮನೆಗೆ ಹೋಯಿತು. ಅವರಿಬ್ಬರ ಜೊತೆ ಇನ್ನೊಬ್ಬರೂ ಎದ್ದು ನಿಲ್ಲಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಮೂರನೆಯ ತಿಂಗಳಲ್ಲಿ ತಬಿಥಮ್ಮನವರು ಜ್ವರ ಬಂದು ಮಲಗಿದರು. ರಾಹೇಲವ್ವ ಹಗಲೂ ರಾತ್ರಿ ಅವರ ಚಾಪೆಯ ಬಳಿಯೇ ಉಳಿದಳು. ಇನ್ನು ಹೆಚ್ಚು ಹೊತ್ತಿಲ್ಲವೆಂದು ತಿಳಿದಾಗ ಓಣಿಗೆ ಓಣಿಯೇ ತಳಮಳಿಸಿತು. ಅಂಥ ತಾಯಿಯನ್ನು ರೊಟ್ಟಿಯಿಲ್ಲದೆ ಕಳುಹಿಸಿದರೆ ಊರು ಉಳಿದೀತೇ ಎಂದು ಜನ ಮಾತಾಡಿಕೊಂಡರು. ಕೃಪಾವತಿಗೆ ಬಿಗಿದಿದ್ದ ನೇಮ ಎರಡೇ ತಾಸಿನಲ್ಲಿ ಸಡಿಲವಾಯಿತು. ಮಧ್ಯಾಹ್ನ ಪಾದ್ರಿಗಳೂ ಜಕರೀಯಪ್ಪನವರೂ ಬಂದರು. ತಟ್ಟೆ ಹೊಸ್ತಿಲ ಆಚೆ ನಿಂತ ಜಕರೀಯಪ್ಪನವರ ಕೈಯಲ್ಲಿತ್ತು.

"ಅಮ್ಮಾರ, ನಿಮ್ಮ ಮಟ್ಟಿಗೆ ಸಭಿ ನೇಮ ಬಿಟ್ಟೈತ್ರಿ. ತಗೋರಿ," ಎಂದರು ಅವರು.

ತಬಿಥಮ್ಮನವರು ಕಣ್ಣು ತೆರೆದು, "ಕೃಪಾವತಿಗೆ?" ಎಂದರು.

ಪಾದ್ರಿಗಳು ತಲೆ ತಗ್ಗಿಸಿದರು.

"ಹಂಗಾರ ನನಗೂ ಬ್ಯಾಡ್ರಿ."

ರಾಹೇಲವ್ವನೇ ಎದ್ದು ಜಕರೀಯಪ್ಪನವರ ಕೈಯಿಂದ ತಟ್ಟೆ ಕಸಿದುಕೊಂಡು ಬಂದು, "ಆಯೀ, ತಗೋರಿ. ನನ್ನ ಮಗಳಿಗಾಗಿದ್ದು ನಿಮಗ್ಯಾಕ ಆಗಬೇಕು? ನಾ ಹೇಳ್ತೀನಿ, ತಗೋರಿ," ಎಂದು ಅವರ ತುಟಿಯ ಹತ್ತಿರಕ್ಕೆ ತುಂಡು ಹಿಡಿದಳು.

ಅವರು ತಲೆಯಾಡಿಸಿದರು. ರಾಹೇಲವ್ವನ ಕೈಯನ್ನು ತಮ್ಮ ಎರಡೂ ಕೈಗಳಿಂದ ಹಿಡಿದು, "ಆಕಿ ಒಬ್ಬಾಕೀನ ಹಂಗ ಹೋಗ್ಯಾಳವ್ವ. ಈಗ ಇಬ್ಬರಾಗ್ತೀವಿ," ಎಂದರು. ನಾಲ್ಕು ಗಂಟೆಯ ಹೊತ್ತಿಗೆ ಅವರ ಉಸಿರು ನಿಂತಿತು. ಸುದ್ದಿ ಹಬ್ಬಿದಂತೆ ಓಣಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾದವು.

ಪಾದ್ರಿಗಳು ಗೋಡೆಗೆ ಮುಖ ಮಾಡಿ ಅತ್ತರು. ಜಕರೀಯಪ್ಪನವರು ಹೊಸ್ತಿಲ ಆಚೆ ನಿಂತೇ ಇದ್ದರು. ಒಳಗೆ ಬರಲು ಆಗುತ್ತಿರಲಿಲ್ಲ, ಹೋಗಲೂ ಆಗುತ್ತಿರಲಿಲ್ಲ. ಅಷ್ಟು ಗತ್ತಿನ ಮನುಷ್ಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಅದನ್ನೇ ನೋಡುತ್ತಿದ್ದರು. ಮಗಳು ಸತ್ತ ದಿನದಿಂದ ರಾಹೇಲವ್ವ ಅವರ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಈಗ ನೋಡಿದಳು. ಮುದುಕರಾಗಿದ್ದರು. ಅವಳು ಹೆಣದ ಪಕ್ಕದಲ್ಲಿ ಸ್ವಲ್ಪ ಸರಿದು, ಚಾಪೆಯ ತುದಿ ಬಿಟ್ಟುಕೊಟ್ಟು, "ಒಳಗ ಬರ್ರಿ ಅಣ್ಣಾರ. ಕೂಡ್ರಿ," ಎಂದಳು.

ಅವರು ಬಂದು ಕುಳಿತರು. ಇದನ್ನು ಕ್ಷಮೆ ಎನ್ನುವವರು ಎನ್ನಲಿ. ರಾಹೇಲವ್ವ ತಾನು ಬದುಕಿರುವವರೆಗೂ ಅದಕ್ಕೆ ಆ ಹೆಸರು ಕೊಡಲಿಲ್ಲ. ತಬಿಥಮ್ಮನವರ ಸಾವಿನ ಮಾತು ಬಂದಾಗಲೆಲ್ಲ ಆಕೆ ಹೇಳುತ್ತಿದ್ದುದು ಇಷ್ಟೇ: ಅಂದು ಆ ತಾಯಿಯ ಪಾದದ ಬಳಿ ಕೂತು, ತಾನು ತಬಿಥಮ್ಮನವರ ಹೆಸರಿನ ಜೊತೆಗೆ ಮಗಳ ಹೆಸರನ್ನೂ ಹಿಡಿದು, ಓಣಿಯೆಲ್ಲ ಕೇಳುವಂತೆ ಗಟ್ಟಿಯಾಗಿ ಅತ್ತಳಂತೆ. ಆ ಹೆಸರು ಕೇಳಿದರೂ ಜಕರೀಯಪ್ಪನವರು ಎದ್ದು ಹೋಗಲಿಲ್ಲವಂತೆ.